‘ಇತರೆ’ ಕಾಲಂನಲ್ಲಿ ವಿಶಾಖಾ ಬರೆದದ್ದು

ಮಲ್ಲೇಶ್ವರದ ಆ ಶ್ರವಣ ಕೇಂದ್ರ ತೆರೆಯುವುದು ಹತ್ತು ಗಂಟೆಗೆ. ಅಲ್ಲಿ ಫೋನಿನ ಮೇಜು ನೋಡಿಕೊಳ್ಳುವ ವಿಶಾಖಾ ಒಂಬತ್ತೂಮುಕ್ಕಾಲಿಗೇ ಬಂದಿರುತ್ತಾರೆ. ಬ್ಯಾಗನ್ನು ಕುರ್ಚಿಗೆ ತಗುಲಿಸಿ, ಪರೀಕ್ಷೆಗೆಂದು ಡ್ರಾಯರಿನಲ್ಲಿಟ್ಟ ಹಳೆಯ ಕಿವಿಯ ಯಂತ್ರವೊಂದನ್ನು ತೆಗೆದು, ತುದಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬಲಗಿವಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಬೀದಿಗೆ ಬೆನ್ನು ಮಾಡಿ ಒಂದು ನಿಮಿಷ ನಿಲ್ಲುತ್ತಾರೆ. ಸೊಪ್ಪಿನವಳ ಕೂಗು, ಆಟೋದ ಸದ್ದು, ಫ್ಯಾನಿನ ಗರಗರ, ತಮ್ಮದೇ ಸೆರಗಿನ ಸರಬರ ಎಲ್ಲವೂ ಒಂದೇ ಅಳತೆಯಲ್ಲಿ ಕಿವಿಗೆ ನುಗ್ಗುತ್ತವೆ. ನಿಮಿಷವಾದ ಮೇಲೆ ತೆಗೆದು, ಮತ್ತೆ ಒರೆಸಿ, ಡ್ರಾಯರಿನಲ್ಲಿಟ್ಟು, ಆಮೇಲೆಯೇ ಮೊದಲ ಫೋನಿಗೆ ಕೈ ಹಾಕುವುದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಿರಾಕಿಯೊಬ್ಬರು, ಇದನ್ನು ಮಾರುತ್ತೀರಲ್ಲ, ಒಂದು ದಿನವಾದರೂ ಹಾಕಿಕೊಂಡು ನೋಡಿದ್ದೀರಾ ಎಂದು ಕೇಳಿದ್ದರಂತೆ. ಅಂದಿನಿಂದ ಇಪ್ಪತ್ತೈದು ವರ್ಷ ಈ ಒಂದು ನಿಮಿಷ ತಪ್ಪಿಲ್ಲ.

ನಮ್ಮತ್ತೆ ಕಾವೇರಮ್ಮನವರ ಯಂತ್ರದ ಬ್ಯಾಟರಿಗೆಂದು ನಾನು ಹತ್ತು ವರ್ಷದಿಂದ ಅಲ್ಲಿಗೆ ಹೋಗಿಬರುತ್ತಿದ್ದೇನೆ. ಗುಡಿಗೆ ಹೋಗಿ, ಬರುವ ದಾರಿಯಲ್ಲಿ ಕೇಂದ್ರಕ್ಕೆ ಹೋಗುವುದು ನನ್ನ ಕ್ರಮ. ಎಷ್ಟೋ ಸಲ ಕೈಯಲ್ಲಿ ಪ್ರಸಾದ ಹಿಡಿದುಕೊಂಡೇ ವಿಶಾಖಾ ಅವರ ಮೇಜಿನ ಎದುರು ಕೂತು, ಅವರು ಫೋನಿನಲ್ಲಿ ಮಾತಾಡುವುದನ್ನು ಕೇಳಿದ್ದೇನೆ. ಅವರು ದನಿ ಏರಿಸುವುದಿಲ್ಲ. ತಗ್ಗಿದ ದನಿಯಲ್ಲಿ, ಒಂದೊಂದು ಪದವನ್ನೂ ಬಿಡಿಸಿ ಇಡುತ್ತಾರೆ. ಕಿವಿ ಮಂದವಾದವರ ಹತ್ತಿರ ಕಿರುಚಿದರೆ ಪದ ಒಡೆದುಹೋಗುತ್ತದೆ ಎಂದು ಅವರು ಕಲಿತದ್ದು ಕೇಂದ್ರದಲ್ಲಲ್ಲ, ಶ್ರೀರಾಂಪುರದ ತಮ್ಮ ಮನೆಯಲ್ಲಿ. ತಂದೆ ವೆಂಕಟಪ್ಪನವರು ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದವರು. ಮಗ್ಗದ ಸದ್ದಿಗೆ ನಲವತ್ತು ತುಂಬುವ ಮೊದಲೇ ಕಿವಿ ಹೋಗಿತ್ತು. ಅಪ್ಪನ ಜೊತೆ ಮಾತಾಡಬೇಕಾದರೆ ಎದುರಿಗೆ, ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ಕೂರಬೇಕು ಎಂಬುದು ಆ ಮನೆಯ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಬಂದ ಪಾಠ.

ಪಿಯುಸಿ ಮುಗಿಸಿದ ವಿಶಾಖಾ ಅವರನ್ನು ಆಗಿನ ಮಾಲೀಕರಾದ ಶ್ರೀಧರ್ ಅವರು ಫೋನಿನ ಮೇಜಿಗೆ ಸೇರಿಸಿಕೊಂಡರು. ಈಗ ಕೇಂದ್ರ ನಡೆಸುತ್ತಿರುವವಳು ಶ್ರೀಧರ್ ಅವರ ಮಗಳು ಮಧುರಾ. ಬಸವನಗುಡಿಯಲ್ಲೂ ಚಾಮರಾಜಪೇಟೆಯಲ್ಲೂ ಒಂದೊಂದು ಶಾಖೆ ಇದೆ. ಮೂರೂ ಕಡೆಯ ಹದಿನಾಲ್ಕು ಮಂದಿ ಮಾತಾಡಿಕೊಳ್ಳುವುದು ಮೊಬೈಲಿನ ಒಂದು ಚಾಟ್ ಗುಂಪಿನಲ್ಲಿ. ಇಂಥವರ ಯಂತ್ರ ಯಾವುದು, ಬ್ಯಾಟರಿ ಕೊಟ್ಟು ಎಷ್ಟು ದಿನವಾಯಿತು, ಮನೆ ಎಲ್ಲಿ ಎಂದು ದಿನಕ್ಕೆ ನಲವತ್ತು ಪ್ರಶ್ನೆ ಬರುತ್ತಿತ್ತು. ವಿಶಾಖಾ ಕಂಪ್ಯೂಟರಿನಲ್ಲಿ ಗಿರಾಕಿಯ ಪುಟ ತೆರೆದು ನೋಡಿ ಉತ್ತರ ಹಾಕುತ್ತಿದ್ದರು.

ಕಳೆದ ವರ್ಷ ಮಧುರಾ ಆ ಗುಂಪಿಗೇ ಒಂದು ಎಐ ಸಹಾಯಕವನ್ನು ಸೇರಿಸಿದಳು. ಗಿರಾಕಿಗಳ ಮಾಹಿತಿಯನ್ನೆಲ್ಲ ಅದಕ್ಕೆ ಜೋಡಿಸಿದಳು. ಗುಂಪಿನಲ್ಲಿ ಹೆಸರು ಬರೆದು ಕೇಳಿದರೆ ಸಾಕು, ಅದು ಆ ಪುಟವನ್ನೆಲ್ಲ ಓದಿ ನಾಲ್ಕು ಸಾಲಿನಲ್ಲಿ ಸಾರಾಂಶ ಹೇಳುತ್ತಿತ್ತು. ಗಿರಾಕಿಗೆ ಕಳಿಸಬೇಕಾದ ಸಂದೇಶವನ್ನೂ ಬರೆದುಕೊಡುತ್ತಿತ್ತು. ಮನೆಮನೆಗೆ ಹೋಗಿ ಯಂತ್ರ ಸರಿಮಾಡುವ ನಿತೀಶ್, ಗೆಳೆಯನನ್ನು ಕರೆಯುವ ಹಾಗೆ, ಅದಕ್ಕೆ ‘ಮಚ್ಚಾ’ ಎಂದು ಹೆಸರಿಟ್ಟ.

“ಇಷ್ಟು ವರ್ಷ ನಿಮ್ಮ ತಲೆ ತಿಂದ್ವಿ, ಇನ್ಮೇಲೆ ಮಚ್ಚಾ ತಲೆ ತಿಂತೀವಿ. ನೀವು ಆರಾಮಾಗಿ ಟೀ ಕುಡೀರಿ ಅಕ್ಕ” ಎಂದ.

“ಅದು ಟೀ ಕೇಳಲ್ಲ ನೋಡು, ಅದಕ್ಕೇ ನಿಂಗೆ ಇಷ್ಟ” ಎಂದರು ವಿಶಾಖಾ.

ಅವರಿಗೆ ಅದರ ಮೇಲೆ ಅಸಮಾಧಾನವೇನೂ ಇರಲಿಲ್ಲ. ಚಾಟ್ ನೋಡುವ ಕೆಲಸ ತಪ್ಪಿದ್ದರಿಂದ ಫೋನ್ ಮಾಡಿದವರ ಜೊತೆ ಇನ್ನೂ ಎರಡು ಮಾತು ಹೆಚ್ಚು ಆಡಬಹುದಿತ್ತು. ಅದು ತಪ್ಪು ಹೇಳಿದ್ದನ್ನೂ ಅವರು ಕಾಣಲಿಲ್ಲ. ನಮ್ಮತ್ತೆಯ ಯಂತ್ರ ಕೆಟ್ಟಾಗ ನಿತೀಶ್ ಸರಿಯಾದ ಭಾಗವನ್ನೇ ಹಿಡಿದುಕೊಂಡು ಬಂದಿದ್ದ.

ಕೇಂದ್ರದ ಗಿರಾಕಿಗಳಲ್ಲಿ ಆಂಡಾಳ್ ಎಂಬ ಸಂಗೀತದ ಟೀಚರ್ ಒಬ್ಬರಿದ್ದಾರೆ. ಅವರ ಹೆಸರನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅರವತ್ತೆಂಟು ವರ್ಷ. ಹದಿನೈದನೇ ಅಡ್ಡರಸ್ತೆಯ ಮನೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಾರೆ. ಏಳು ವರ್ಷದ ಹಿಂದೆ ಎಡಗಿವಿಗೆ ಮೇಲಿನ ಸ್ವರಗಳು ಕೇಳಿಸದೆ ಕೇಂದ್ರಕ್ಕೆ ಬಂದಿದ್ದರು. ಕೂದಲೊಳಗೆ ಮುಚ್ಚಿಹೋಗುವ ಸಣ್ಣ ಯಂತ್ರ ಹಾಕಿಸಿಕೊಂಡು, ಇದು ಯಾರಿಗೂ ತಿಳಿಯಬಾರದು ಎಂದು ವಿಶಾಖಾ ಅವರೊಬ್ಬರಿಗೇ ಹೇಳಿಹೋಗಿದ್ದರು. ಕಿವಿ ಕೇಳದ ಸಂಗೀತದ ಮೇಷ್ಟ್ರ ಹತ್ತಿರ ಯಾರು ಮಕ್ಕಳನ್ನು ಕಳಿಸುತ್ತಾರೆ ಎಂಬುದು ಅವರ ಭಯ. ಪಾಠವೇ ಅವರ ಜೀವ, ಜೀವನ ಎರಡೂ ಆಗಿತ್ತು.

ಒಂದು ಶುಕ್ರವಾರ ಹನ್ನೆರಡರ ಹೊತ್ತಿಗೆ ಆಂಡಾಳ್ ಕೇಂದ್ರಕ್ಕೆ ಬಂದರು. ಕರವಸ್ತ್ರದಲ್ಲಿ ಸುತ್ತಿದ ಯಂತ್ರದ ಡಬ್ಬಿಯನ್ನು ವಿಶಾಖಾ ಅವರ ಮೇಜಿನ ಮೇಲಿಟ್ಟರು. ಕೂರಿ ಎಂದರೂ ಕೂರಲಿಲ್ಲ.

“ನಿನಗೊಬ್ಬಳಿಗೇ ಹೇಳಿದ್ದೆ ಕಣೆ” ಎಂದಷ್ಟೇ ಹೇಳಿ, ಮೆಟ್ಟಿಲಿಳಿದು ಹೋದರು.

ಏನಾಯಿತೆಂದು ತಿಳಿಯಲು ವಿಶಾಖಾ ಅವರಿಗೆ ಅರ್ಧ ದಿನ ಹಿಡಿಯಿತು. ಬಸವನಗುಡಿ ಶಾಖೆಯ ಫೋನಿನ ಮೇಜಿನಲ್ಲಿರುವ ಯಶಶ್ರೀಯ ಮನೆ ಮಲ್ಲೇಶ್ವರದಲ್ಲಿ. ಅವಳ ಮಗಳು ಆಂಡಾಳ್ ಅವರ ಶಿಷ್ಯೆ. ಮಂಗಳವಾರ ಯಶಶ್ರೀ, ಈ ವಾರ ಯಾರಿಗೆಲ್ಲ ಬ್ಯಾಟರಿ ಕೊಡಬೇಕು ಎಂದು ಗುಂಪಿನಲ್ಲಿ ಸಹಾಯಕವನ್ನು ಕೇಳಿದ್ದಳು. ಅದು ಹನ್ನೊಂದು ಹೆಸರು ಕೊಟ್ಟು, ಪ್ರತಿಯೊಬ್ಬರ ಬಗ್ಗೆ ಒಂದೆರಡು ಸಾಲನ್ನೂ ಸೇರಿಸಿತ್ತು. ಆಂಡಾಳ್ ಅವರ ಹೆಸರಿನ ಮುಂದೆ, ಪಾಠದ ಹೊತ್ತಿನಲ್ಲಿ ಕರೆಯಬಾರದು, ಎಡಗಿವಿಗೆ ಮೇಲಿನ ಸ್ವರ ಕೇಳುವುದಿಲ್ಲ, ಮಕ್ಕಳ ಬಾಯಿ ನೋಡಿ ತಿದ್ದುತ್ತಾರೆ, ಶಿಷ್ಯರಿಗೆ ಇದು ಗೊತ್ತಿಲ್ಲ ಎಂದಿತ್ತು.

ಯಶಶ್ರೀ ಯಾರ ಮುಂದೆಯೂ ಹರಟಲಿಲ್ಲ. ಅವಳಿಗೆ ಮರುಕವಾಯಿತು, ಅಷ್ಟೇ. ಟೀಚರ್ ಮುಂದೆ ಸ್ವಲ್ಪ ಜೋರಾಗಿ ಹಾಡು ಎಂದು ಮಗಳಿಗೆ ಹೇಳಿ ಕಳಿಸಿದಳು. ಗುರುವಾರದ ಪಾಠದಲ್ಲಿ ಆ ಮಗು ಎಂಟು ಮಕ್ಕಳ ನಡುವೆ ಗಂಟಲು ಹರಿಯುವಂತೆ ಹಾಡಿ, ಇಷ್ಟು ಸಾಕಾ ಟೀಚರ್, ಕೇಳಿಸ್ತಾ ಎಂದು ಕೇಳಿತು.

ಸಹಾಯಕಕ್ಕೆ ಆ ವಿಷಯ ಹೇಗೆ ಗೊತ್ತಾಯಿತೆಂದು ವಿಶಾಖಾ ಮಧುರಾಳನ್ನು ಕೇಳಿದರು. ಮಧುರಾ ಗಿರಾಕಿಯ ಪುಟ ತೆರೆದು ಕೆಳಗಿನವರೆಗೂ ಸರಿಸಿದಳು. ಎಲ್ಲಕ್ಕಿಂತ ಕೊನೆಯಲ್ಲಿ ‘ಇತರೆ’ ಎಂಬ ಕಾಲಂ. ಅದರಲ್ಲಿ ಅದೇ ಮಾತುಗಳಿದ್ದವು, ವಿಶಾಖಾ ಬರೆದದ್ದು.

ಹನ್ನೊಂದು ವರ್ಷದ ಹಿಂದೆ ಕಂಪ್ಯೂಟರ್ ಬಂದಾಗ ಆ ಕಾಲಂ ಯಾಕಿದೆ ಎಂದು ಯಾರೂ ಹೇಳಿರಲಿಲ್ಲ. ಆ ಪುಟಗಳನ್ನು ತೆರೆಯುತ್ತಿದ್ದವರೂ ವಿಶಾಖಾ ಒಬ್ಬರೇ. ಹಾಗಾಗಿ ಫೋನಿಟ್ಟ ಮೇಲೆ ನೆನಪಿಗೆಂದು ಅಲ್ಲಿ ಬರೆದಿಡುತ್ತಿದ್ದರು. ಇವರ ಮಗ ಮಾತು ಬಿಟ್ಟು ಮೂರು ವರ್ಷವಾಯಿತು, ಮಗನ ಸುದ್ದಿ ಎತ್ತಬಾರದು. ಇವರಿಗೆ ಓದಲು ಬರುವುದಿಲ್ಲ, ಕನ್ನಡಕ ತಂದಿಲ್ಲ ಎನ್ನುತ್ತಾರೆ, ನಾವೇ ಓದಿ ಹೇಳಬೇಕು. ಇವರು ರಾತ್ರಿ ಬೇಕೆಂದೇ ಯಂತ್ರ ತೆಗೆದಿಡುತ್ತಾರೆ, ಗಂಡನ ಬೈಗುಳ ಕೇಳಬಾರದೆಂದು. ಹೀಗೆ ಆರುನೂರಕ್ಕೂ ಹೆಚ್ಚು ಮಂದಿಯ ಪುಟದಲ್ಲಿತ್ತು.

“ಅದು ಕದ್ದು ನೋಡಿಲ್ಲ ವಿಶಾಖಕ್ಕ. ಇದ್ದಿದ್ದನ್ನ ಓದಿ ಹೇಳಿದೆ” ಎಂದಳು ಮಧುರಾ. ಯಾವ ಕಾಲಂನಲ್ಲಿ ಏನಿದೆ ಎಂದು ನೋಡದೆ ಎಲ್ಲವನ್ನೂ ಜೋಡಿಸಿದ್ದು ತನ್ನ ತಪ್ಪು ಎಂದೂ ಹೇಳಿದಳು. ಆ ಕಾಲಂ ಸಹಾಯಕಕ್ಕೆ ಕಾಣದಂತೆ ಅಲ್ಲೇ ಮುಚ್ಚಿದಳು.

ವಿಶಾಖಾ ಶನಿವಾರ, ಸೋಮವಾರ ಎರಡೂ ದಿನ ಕೂತು ತಾವು ಬರೆದದ್ದನ್ನೆಲ್ಲ ಓದಿದರು. ನಾಲ್ಕು ಗಂಟೆಯ ಮೇಲೆ ಕರೆಯಬೇಕು ಎಂಬುದನ್ನು ಉಳಿಸಿ, ಯಾಕೆ ಎಂಬುದನ್ನು ಅಳಿಸಿದರು. ಏನು ಮಾಡಬೇಕೋ ಅದು ಎಲ್ಲರಿಗೂ ಬೇಕು, ಯಾಕೆ ಎಂಬುದು ಹೇಳಿದವರದು ಎಂದು ಅವರೇ ಒಂದು ಗೆರೆ ಹಾಕಿಕೊಂಡರು. ಅಳಿಸುವ ಮೊದಲು ಇನ್ನೊಂದು ಕೆಲಸವನ್ನೂ ಮಾಡಿದರು. ಹಳೆಯ ಚಾಟನ್ನೆಲ್ಲ ಹಿಂದಕ್ಕೆ ಸರಿಸಿ, ಯಾರ ಯಾರ ಗುಟ್ಟು ಆಗಲೇ ಗುಂಪಿನಲ್ಲಿ ಬಿದ್ದಿದೆ ಎಂದು ಹುಡುಕಿದರು. ಆಂಡಾಳ್ ಅವರನ್ನು ಬಿಟ್ಟು ನಲವತ್ತೊಂದು ಮಂದಿ. ಅದರಲ್ಲಿ ನಮ್ಮತ್ತೆಯೂ ಇದ್ದರು.

ಮಂಗಳವಾರ ಮಧ್ಯಾಹ್ನ ಎರಡಕ್ಕೆ, ಪಾಠವಿಲ್ಲದ ಹೊತ್ತು ನೋಡಿಕೊಂಡು, ಡಬ್ಬಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹದಿನೈದನೇ ಅಡ್ಡರಸ್ತೆಗೆ ಹೋದರು. ನಡುಮನೆಯ ಜಮಖಾನೆ ಸುತ್ತಿ ಮೂಲೆಗಿಟ್ಟಿತ್ತು. ಶ್ರುತಿ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿತ್ತು. ತಲೆನೋವೆಂದು ಹೇಳಿ ಗುರುವಾರದಿಂದ ಪಾಠ ನಿಲ್ಲಿಸಿದ್ದರು.

ವಿಶಾಖಾ ಕಿಟಕಿಯ ಬೆಳಕು ತಮ್ಮ ಮುಖಕ್ಕೆ ಬೀಳುವ ಹಾಗೆ ಎದುರಿಗೆ ಕೂತರು.

“ಯಾರೂ ಹರಟಲಿಲ್ಲ ಟೀಚರ್. ನಾನೇ ಬರೆದಿಟ್ಟಿದ್ದೆ. ಅದನ್ನ ಹದಿನಾಲ್ಕು ಜನ ಓದೋ ಹಾಗಾಯ್ತು.”

“ಯಾಕೆ ಬರೆದೆ?”

“ಮರೀಬಾರ್ದು ಅಂತ. ಪಾಠದ ಮಧ್ಯೆ ಫೋನ್ ಮಾಡಿಬಿಟ್ರೆ ಅನ್ನೋ ಭಯ.”

“ನೆನಪಲ್ಲಿ ಇಟ್ಕೊಳ್ಳೋಕೆ ಆಗ್ತಿರ್ಲಿಲ್ವೇನು? ನಾನು ಐನೂರು ಕೃತಿ ಇಟ್ಕೊಂಡಿದೀನಿ.”

“ನಿಮ್ಮದು ಐನೂರು. ನನ್ನ ಹತ್ರ ಎರಡು ಸಾವಿರ ಜನ ಇದಾರೆ ಟೀಚರ್.”

ಆಂಡಾಳ್ ಅವರ ತುಟಿಯಲ್ಲಿ ನಗು ಬರುವಂತಾಗಿ ನಿಂತಿತು. ಆಮೇಲೆ ಬಹಳ ಹೊತ್ತು ಮಾತಾಡಿದರು. ಆ ಮಗು ಗೇಲಿ ಮಾಡಿದ್ದರೆ ಬೈದು ಕೂರಿಸಬಹುದಿತ್ತು, ಅದು ಅಕ್ಕರೆಯಿಂದ ಕೇಳಿತು, ಅದನ್ನೇ ತಡೆಯಲಾಗಲಿಲ್ಲ ಎಂದರು. ಮಕ್ಕಳು ಬರುವುದು ನಿಂತರೆ ಸಂಜೆ ಐದು ಗಂಟೆಗೆ ಏನು ಮಾಡುವುದೆಂದು ತಿಳಿಯುವುದಿಲ್ಲ ಎಂದರು. ಕೇಳುತ್ತ ಕೂತಿದ್ದ ವಿಶಾಖಾ ಕೊನೆಗೆ ಬ್ಯಾಗಿನಿಂದ ಡಬ್ಬಿ ತೆಗೆದು ಇಬ್ಬರ ನಡುವೆ ಇಟ್ಟರು.

“ನನ್ನದೊಂದೇನಾ? ಇನ್ನೂ ಇದಾರಾ?” ಎಂದು ಆಂಡಾಳ್ ಕೇಳಿದರು.

ನಲವತ್ತೊಂದು ಎಂದರು ವಿಶಾಖಾ.

“ಅವರಿಗೆಲ್ಲ ಹೇಳಿದೀಯಾ?”

“ಇಲ್ಲ. ಅವರಿಗಿನ್ನೂ ಗೊತ್ತೇ ಇಲ್ಲ.”

“ನನಗೂ ಗುರುವಾರದ ತನಕ ಗೊತ್ತಿರ್ಲಿಲ್ಲ. ಮಗು ಬಾಯಿಂದ ತಿಳೀಬೇಕಾಯ್ತು.” ಆಂಡಾಳ್ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ಇದು ಇಲ್ಲೇ ಇರ್ಲಿ. ಹಾಕ್ಕೋತೀನಿ ಅಂತ ಹೇಳ್ತಿಲ್ಲ. ಅವರಿಗೆಲ್ಲ ನಿನ್ನ ಬಾಯಿಂದ ಹೇಳಿ ಬಾ. ಆಮೇಲೆ ನೋಡೋಣ.”

ವಿಶಾಖಾ ನಡೆದೇ ಕೇಂದ್ರಕ್ಕೆ ಬಂದರು. ನಲವತ್ತೊಂದು ಮಂದಿಗೂ ವಿಷಯ ತಿಳಿಸಬೇಕು ಎಂದಾಗ ಮಧುರಾಳೂ ಒಪ್ಪಿದಳು. ಅವಳೂ ಅದನ್ನೇ ಯೋಚಿಸುತ್ತಿದ್ದಳಂತೆ. ಸಹಾಯಕದಿಂದ ಒಂದು ಸಂದೇಶವನ್ನೂ ಬರೆಸಿಟ್ಟಿದ್ದಳು. ತನ್ನ ಮೊಬೈಲನ್ನು ವಿಶಾಖಾ ಅವರ ಮುಂದೆ ಹಿಡಿದಳು. ಕನ್ನಡ ಚೆನ್ನಾಗಿತ್ತು. ನಮ್ಮ ಹೊಸ ವ್ಯವಸ್ಥೆಯಲ್ಲಾದ ತಾಂತ್ರಿಕ ದೋಷದಿಂದ ತಮ್ಮ ಕೆಲವು ವಿವರಗಳು ನಮ್ಮ ಸಿಬ್ಬಂದಿಗೆ ಕಂಡಿವೆ, ವಿಷಾದಿಸುತ್ತೇವೆ ಎಂದು ಮಾಲಕಿಯ ಸಹಿಯೊಂದಿಗೆ ಮುಗಿದಿತ್ತು.

“ನಿಮ್ಮ ಹೆಸರು ಎಲ್ಲೂ ಬರಲ್ಲ ವಿಶಾಖಕ್ಕ. ಅಪ್ಪ ಹೇಳ್ತಿದ್ರಲ್ಲ, ಜನ ಬರೋದು ಯಂತ್ರಕ್ಕಲ್ಲ, ನಿಮ್ಮ ದನಿಗೆ ಅಂತ. ಇಪ್ಪತ್ತೈದು ವರ್ಷದ ನಂಬಿಕೆ, ಇದೊಂದರಲ್ಲಿ ಹೋಗೋದು ಬೇಡ. ಮಚ್ಚಾ ಮೇಲೆ ಹಾಕೋಣ, ಅದಕ್ಕೇನು ಬೇಜಾರಾಗಲ್ಲ. ಅರ್ಧ ಸುಳ್ಳೂ ಅಲ್ಲ, ಜೋಡಿಸಿದ್ದು ನಾನೇ ತಾನೇ.”

ಎದುರಿನ ಬೆಂಚಿನಲ್ಲಿ ಯಂತ್ರ ಬಿಚ್ಚಿಕೊಂಡು ಕೂತಿದ್ದ ನಿತೀಶ್, ಹಾಕಿ ಅಕ್ಕ, ಮಚ್ಚಾ ತಡ್ಕೋತಾನೆ ಎಂದ. ಅವನೂ ಅಕ್ಕರೆಯಿಂದಲೇ ಹೇಳಿದ್ದು.

ವಿಶಾಖಾ ಸಂದೇಶವನ್ನು ಇನ್ನೊಮ್ಮೆ ಪೂರ್ತಿ ಓದಿದರು. ಮೊಬೈಲನ್ನು ಮಧುರಾಳ ಕೈಗೆ ಹಿಂದಿರುಗಿಸಿದರು.

“ಬೇಡ ಮಧುರಾ. ಜೋಡಿಸಿದ್ದನ್ನ ನೀವು ಹೇಳಿ. ಬರೆದಿದ್ದನ್ನ ನಾನೇ ಹೇಳ್ತೀನಿ. ಅವರು ಹೇಳ್ಕೊಂಡಿದ್ದು ನನ್ನ ಹತ್ರ” ಎಂದು ಹೆಸರುಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಮೊದಲ ನಂಬರು ಒತ್ತಿದರು.