ನಾಲ್ಕು ಮಿಲ್ಲಿ ಮೂಗಿನ ಮಹಾಯುದ್ಧ

ಹುಟ್ಟಿದ ಮಕ್ಕಳೆಲ್ಲ ಹಸಿವಿಗೆ ಅತ್ತರೆ, ನಮ್ಮ ಬೀದಿಯ ಅರೆಮಿಲ್ಲಿ ಆಸ್ಪತ್ರೆಯ ಮಂಚದ ಒಂದು ಕಾಲು ಗಿಡ್ಡವಾಗಿದೆ ಎಂದು ಅತ್ತನಂತೆ. ಇದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ; ನಂಬದವರೂ ಯಾರೂ ಇಲ್ಲ. ಅವನ ಅಂಗಿಯ ಜೇಬಿನಲ್ಲಿ ಆರಂಗುಲದ ಉಕ್ಕಿನ ಸ್ಕೇಲೊಂದು ಹುಟ್ಟುಕವಚದಂತೆ ಅಂಟಿಕೊಂಡಿದೆ. ಅದನ್ನು ಅವನು ಒರೆಯಿಂದ ಹಿರಿದನೆಂದರೆ ಬಡಗಿಗಳು ಬೆವರುತ್ತಾರೆ, ದರ್ಜಿಗಳು ಹಿಂಬಾಗಿಲು ಹುಡುಕುತ್ತಾರೆ. ಒಮ್ಮೆ ಬೇಕರಿಯ ಮುಂದೆ ನಿಂತು ಒಂದೇ ಪೊಟ್ಟಣದ ಎರಡು ಬಿಸ್ಕತ್ತು ಅಳೆದು, "ಇದು ಅದಕ್ಕಿಂತ ಅರೆ ಮಿಲ್ಲಿ ದಪ್ಪ" ಎಂದು ತೀರ್ಪು ಕೊಟ್ಟ. ಬಿರುದು ಬಂದದ್ದು ಹಾಗೆ. "ದಪ್ಪ ಇರೋದನ್ನ ನೀವೇ ತಿನ್ನಿ ಸ್ವಾಮಿ" ಎಂದು ಬೇಕರಿಯವನು ಕೈಮುಗಿದ. ಅರೆಮಿಲ್ಲಿ ತಿನ್ನಲಿಲ್ಲ. ತಪ್ಪು ಅಳತೆ ಅವನ ಗಂಟಲಲ್ಲಿ ಇಳಿಯುವುದಿಲ್ಲ.

ಇಂಥವನಿಗೆ ತಕ್ಕ ಕಸುಬೇ ಸಿಕ್ಕಿತ್ತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ಗೋಡೆಯುದ್ದಕ್ಕೂ ಕಪಾಟು, ಅದರ ತುಂಬ ಊರಿನ ಅರ್ಧ ಜನರ ಬಾಯಿಗಳು ಪ್ಲಾಸ್ಟರಿನ ಅಚ್ಚಾಗಿ ಸಾಲಾಗಿ ಕೂತಿವೆ. ಎದುರಿಗೆ ಬಂದವರ ಮುಖ ಅವನಿಗೆ ಮರೆತುಹೋಗುವುದುಂಟು, ಬಾಯಿ ತೆರೆದರೆ ಗುರುತು ಹಿಡಿಯುತ್ತಾನೆ.

ಆದರೆ ಮೂವತ್ತೆರಡು ಹಲ್ಲು ಸರಿ ಮಾಡಬಲ್ಲ ಈ ವೀರನ ಮನಸ್ಸಿನಲ್ಲಿ ನಲವತ್ತು ವರ್ಷದಿಂದ ಒಂದು ಮೂಗು ಕೊರೆಯುತ್ತಿತ್ತು.

ಅವನ ಅಪ್ಪ ವಾಯುಪಡೆಯ ನೆಲೆಯಲ್ಲಿ ಫಿಟ್ಟರ್ ಆಗಿದ್ದರು. ಯುದ್ಧವಿಮಾನದ ಗಾಲಿ ಬಿಚ್ಚುವುದು, ಹಾಕುವುದು. ಮಗನಿಗೆ ಹನ್ನೊಂದು ತುಂಬಿದಾಗ ಅದೇ ವಿಮಾನದ ಪ್ಲಾಸ್ಟಿಕ್ ಮಾದರಿಯ ಡಬ್ಬ ತಂದುಕೊಟ್ಟರು. ಬಿಡಿ ತುಂಡುಗಳನ್ನು ಅಂಟಿಸಿ ಕಟ್ಟುವಂಥದು, ನಿಜವಾದ ವಿಮಾನದ ನಲವತ್ತೆಂಟನೇ ಒಂದು ಪಾಲು. ಅಪ್ಪ ಡಬ್ಬ ಬಿಚ್ಚಿ, ಒಡಲಿನ ಎರಡು ಹೋಳುಗಳನ್ನು ಜೋಡಿಸಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ಗಾಲಿ ಸಣ್ಣದು ಮಾಡಿದಾರೆ. ನಿಜವಾದ್ದು ಎಪ್ಪತ್ತೆರಡು ಸೆಂಟಿಮೀಟರ್, ಕೂದಲೆಳೆ ಕಮ್ಮಿ ಇಲ್ಲ. ಮೂಗೂ ಮೊಂಡು ಕಣೋ. ಇದು ನಮ್ಮ ವಿಮಾನ ಅಲ್ಲ. ನೀನು ದೊಡ್ಡವನಾಗು, ಇಬ್ಬರೂ ಕೂತು ಸರಿ ಮಾಡೋಣ."

ಡಬ್ಬ ಮುಚ್ಚಿತು. ಮಗ ದೊಡ್ಡವನಾಗುವಷ್ಟು ಕಾಲ ಅಪ್ಪ ಉಳಿಯಲಿಲ್ಲ. ಡಬ್ಬ ಮಾತ್ರ ಮನೆಯಿಂದ ಮನೆಗೆ, ಕಪಾಟಿನಿಂದ ಕಪಾಟಿಗೆ ಉಳಿದುಕೊಂಡು ಬಂತು. ಮಾಡಿದ ಕಂಪನಿ ಮುಚ್ಚಿಹೋಗಿ ಎಷ್ಟೋ ವರ್ಷವಾಗಿತ್ತು. ಕೆಟ್ಟರೆ ಇನ್ನೊಂದು ಸಿಗುವುದಿಲ್ಲ. ಐವತ್ತೊಂದನೆಯ ವಯಸ್ಸಿನಲ್ಲಿ ಅರೆಮಿಲ್ಲಿ ಒಂದು ಭಾನುವಾರ ಅದನ್ನು ಕೆಳಗಿಳಿಸಿ ಧೂಳು ಒರೆಸಿ ಘೋಷಣೆ ಮಾಡಿದ: ಅಪ್ಪ ಹೇಳಿದಂತೆ ಇದನ್ನು ಸರಿಮಾಡಿ ಅಪ್ಪನ ಫೋಟೋದ ಕೆಳಗೆ ಇಡುತ್ತೇನೆ. ಹೆಂಡತಿ, "ಮೊದಲು ಫೋಟೋ ಓರೆ ಆಗಿದೆ, ಅದನ್ನ ಸರಿಮಾಡಿ" ಎಂದಳು. ಅವನು ಸ್ಕೇಲು ತೆಗೆದು ಅಳೆದು ಅದು ಓರೆಯಲ್ಲ, ಗೋಡೆಯೇ ಓರೆ ಎಂದು ಸಾಧಿಸಿದ.

ಗಾಲಿಯ ಲೆಕ್ಕ ಅಪ್ಪ ಹೇಳಿಯೇ ಹೋಗಿದ್ದರು. ಆದರೆ ಮೂಗು ಎಷ್ಟು ಮೊಂಡು?

ಇಲ್ಲಿ ಪ್ರವೇಶ, ಸರ್ವೇಯರ್ ಭಾವ. ಅಕ್ಕನ ಗಂಡ. ಮೂವತ್ತು ವರ್ಷ ಜಮೀನು ಅಳೆದು ನಿವೃತ್ತರಾದವರು. ಜಗತ್ತಿನಲ್ಲಿ ಅರೆಮಿಲ್ಲಿ ತನ್ನ ಸ್ಕೇಲಿನ ನಂತರ ನಂಬುತ್ತಿದ್ದದ್ದು ಈ ಭಾವನ ಟೇಪನ್ನು ಮಾತ್ರ. ಪಕ್ಕದ ಊರಿನ ಒಂದು ತರಬೇತಿ ಶಾಲೆಯ ಅಂಗಳದಲ್ಲಿ ಅದೇ ಜಾತಿಯ ಹಳೆಯ ವಿಮಾನವೊಂದನ್ನು ಸಿಮೆಂಟು ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಆದರೆ ಭಾವ ಹಿಂದೊಮ್ಮೆ ಆ ಶಾಲೆಯ ಕಾಂಪೌಂಡ್ ಅಳೆದಿದ್ದರು, ಕಾವಲುಗಾರನಿಗೆ ಪರಿಚಯ.

"ಅಪ್ಪ ಮೂಗು ಮೊಂಡು ಅಂದಿದ್ರು ಭಾವ. ಎಷ್ಟು ಮೊಂಡು ಅಂತ ನೋಡ್ಕೊಂಡು ಬನ್ನಿ" ಎಂದು ಅರೆಮಿಲ್ಲಿ ಎರಡು ವಾರ ದಿನಕ್ಕೊಂದು ಸಲ ಫೋನು ಮಾಡಿದ.

ಭಾವ ಹೋದರು, ಅಳೆದರು, ನಕ್ಷೆ ಬರೆದು ತಂದುಕೊಟ್ಟರು. ಅದು ನಕ್ಷೆಯಲ್ಲ, ಮಂತ್ರಪತ್ರ! ಮೂಗಿನ ತುದಿಯಿಂದ ಪೈಲಟ್‌ನ ಮುಂಗಾಜಿನ ಬುಡದವರೆಗೆ ಎರಡು ಮೀಟರ್ ಐವತ್ತೊಂಬತ್ತು ಸೆಂಟಿಮೀಟರ್, ಮೇಲೆ ಎರಡು ಮಿಲ್ಲಿ. ಆ ಎರಡು ಮಿಲ್ಲಿ ನೋಡಿ ಅರೆಮಿಲ್ಲಿಯ ಕಣ್ಣು ತುಂಬಿ ಬಂತು. ಎರಡೂವರೆ ಮೀಟರ್ ಅಳೆಯುವಾಗ ಎರಡು ಮಿಲ್ಲಿಯನ್ನು ಬಿಡದವನು ಎಂಥ ಮನುಷ್ಯ! ನಲವತ್ತೆಂಟರಿಂದ ಭಾಗಿಸಿದ: ಐವತ್ನಾಲ್ಕು ಮಿಲ್ಲಿ. ಡಬ್ಬದಲ್ಲಿದ್ದ ಮೂಗು ಐವತ್ತು. ಅಪ್ಪ ಹೇಳಿದ್ದು ನಿಜ. ನಾಲ್ಕು ಮಿಲ್ಲಿ ಮೊಂಡು.

ಆಮೇಲೆ ನಡೆದದ್ದನ್ನು ಯುದ್ಧವೆನ್ನದೆ ಬೇರೆ ದಾರಿಯಿಲ್ಲ. ಹಲ್ಲು ಕೊಯ್ಯುವ, ಕಾಗದದಷ್ಟು ತೆಳ್ಳಗಿನ ಚಕ್ರ ತಿರುಗಿಸಿ ಅವನು ವಿಮಾನದ ಕುತ್ತಿಗೆಗೆ ಹಿಡಿದ. ಹೆಂಡತಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ರೀ, ಕತ್ತರಿಸೋ ಮುಂಚೆ ನೀವೇ ಒಂದ್ಸಲ ಹೋಗಿ ನೋಡಿ ಬರಬಾರ್ದಾ?"

"ಭಾವ ನೋಡಿದಾರಲ್ಲ."

ಅವಳು ಲೋಟ ಇಟ್ಟು ಹೋದಳು. ಮೂಗು ಕಳಚಿ ಅಂಗೈಗೆ ಬಿತ್ತು. ಒಂದೊಂದು ಮಿಲ್ಲಿಯ ನಾಲ್ಕು ಪ್ಲಾಸ್ಟಿಕ್ ಬಿಲ್ಲೆ ನಡುವೆ ಕೂರಿಸಿ, ಹಲ್ಲಿನ ವಸಡು ಮಾಡುವ ಪುಡಿ ಕಲಸಿ ಸಂದು ತುಂಬಿ, ಉಪ್ಪುಕಾಗದದಿಂದ ಉಜ್ಜಿದ. ಹಳೆಯ ಮಾದರಿಯ ಮೇಲ್ಮೈಯಲ್ಲಿ ತಗಡಿನ ಜೋಡಣೆಯ ಗೆರೆಗಳು ಉಬ್ಬಿಕೊಂಡಿದ್ದವು. ನಿಜ ವಿಮಾನದಲ್ಲಿ ಅವು ಸಂದುಗಳು. ಎಲ್ಲವನ್ನೂ ಉಜ್ಜಿ ತೆಗೆದು ಸೂಜಿಯಿಂದ ಹೊಸದಾಗಿ ಗೀರಿದ. ಟೂತ್‌ಪೇಸ್ಟ್ ಟ್ಯೂಬಿನ ತಗಡು ಸೀಳಿ ಪೈಲಟ್‌ನ ಸೀಟಿಗೆ ಬೆಲ್ಟು ಕಟ್ಟಿದ. ಬ್ರಷ್ಷಿನ ಎಳೆ ಕತ್ತರಿಸಿ ಸೀಟಿನ ಮುಂದೆ ಪೈಲಟ್ ಒತ್ತುವ ಗುಂಡಿಗಳನ್ನು ನೆಟ್ಟ. ಮನೆಯಲ್ಲಿ ಎಲ್ಲರ ಬ್ರಷ್ಷೂ ಬೋಳಾಯಿತು. ಗಾಲಿಗಳನ್ನಂತೂ ಅವನು ಹದಿನೈದು ಮಿಲ್ಲಿಗೆ ಹೊಸದಾಗಿ ಎರಕ ಹೊಯ್ದು, ಟೈರಿನ ಮೇಲಿನ ಅಡ್ಡಗೆರೆಯನ್ನೂ ಕೊರೆದ. ಎರಡು ವರ್ಷ ಹಿಡಿಯಿತು.

ಬಣ್ಣ ಬಳಿಯಲು ಒಂದೇ ಒಂದು ತಡೆ ಉಳಿದಿತ್ತು. ಬಾಲದ ಪುಟ್ಟ ದೀಪ ಎಷ್ಟು ಎತ್ತರದಲ್ಲಿದೆ ಎಂಬುದು ನಕ್ಷೆಯಲ್ಲಿ ಇರಲಿಲ್ಲ. ಭಾವ ಯಾವುದೋ ಮದುವೆಗೆ ಹೋಗಿದ್ದರು. ಅಕ್ಕ ಸಂತೆಚೀಲದಲ್ಲಿ ಅವರ ಫೀಲ್ಡ್ ಬುಕ್ಕನ್ನೇ ಹಾಕಿಕೊಂಡು ಬಂದಳು. "ಇದರಲ್ಲಿ ಇರ್ಬೇಕು, ನೀನೇ ಹುಡುಕ್ಕೋ. ನನಗೆ ಇವರ ಅಕ್ಷರ ಮದುವೆಯಾದಾಗಿಂದ ಅರ್ಥ ಆಗಿಲ್ಲ."

ಸರ್ವೇಯರುಗಳ ಫೀಲ್ಡ್ ಬುಕ್ಕಿಗೆ ಒಂದು ಕಟ್ಟಳೆಯಿದೆ. ಅಳೆದ ಜಾಗದಲ್ಲೇ ನಿಂತು, ಅಳೆದದ್ದನ್ನು ಅಳೆದ ಹಾಗೇ ಬರೆಯಬೇಕು. ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ನಕ್ಷೆಯನ್ನು ಆಮೇಲೆ ಮನೆಯಲ್ಲಿ ಹೇಗಾದರೂ ಬರೆದುಕೊಳ್ಳಬಹುದು. ಈ ಪುಸ್ತಕದಲ್ಲಿ ಸುಳ್ಳು ಬರೆಯಲು ಅವರ ಕೈ ಏಳುವುದಿಲ್ಲ.

ಗಾಲಿ: ಎಪ್ಪತ್ತೆರಡು ಸೆಂಟಿಮೀಟರ್. ಅರೆಮಿಲ್ಲಿ ಹಿಗ್ಗಿದ. ಬೆರಳು ಒಂದು ಸಾಲು ಕೆಳಗಿಳಿಯಿತು.

ಮೂಗು: ಎರಡು ಮೀಟರ್ ನಲವತ್ತು.

ಅದರ ಕೆಳಗೆ ಮತ್ತೆ: ಎರಡು ಮೀಟರ್ ನಲವತ್ತು. ಮೂರನೆಯ ಸಲ, ಪೆನ್ಸಿಲ್ ಒತ್ತಿ: ಎರಡು ಮೀಟರ್ ನಲವತ್ತು.

ನಲವತ್ತೆಂಟರಿಂದ ಭಾಗಿಸಿದರೆ ಐವತ್ತು ಮಿಲ್ಲಿ. ಡಬ್ಬದಿಂದ ಬಂದ ಮೂಗು ಮೊದಲಿನಿಂದಲೂ ಸರಿಯಾಗಿತ್ತು.

ಅವನು ಕಿರುಚಲಿಲ್ಲ. ಪುಸ್ತಕ ಮುಚ್ಚಿ, ಜೇಬಿನ ಸ್ಕೇಲು ತೆಗೆದು, ಅದು ಸುಳ್ಳಾಡುತ್ತಿದೆಯೇ ಎಂದು ನೋಡಲು ಇನ್ನೊಂದು ಸ್ಕೇಲು ತಂದ. ಆ ಎರಡರ ನಡುವೆ ನ್ಯಾಯ ಹೇಳಲು ಮೂರನೆಯದನ್ನೂ ತಂದ. ಮೂರೂ ಒಂದೇ ಮಾತು ಹೇಳಿದವು. ಅಕ್ಕ, "ಏನಾಯ್ತೋ? ನಾಲ್ಕು ಮಿಲ್ಲಿ ತಾನೆ?" ಎಂದಳು.

"ನಲವತ್ತೆಂಟರಿಂದ ಗುಣಿಸು" ಎಂದ.

ಭಾವ ಮದುವೆ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅರೆಮಿಲ್ಲಿ ಅವರ ಜಗಲಿಯಲ್ಲಿದ್ದ. ಒಂದು ಕೈಯಲ್ಲಿ ವಿಮಾನ, ಇನ್ನೊಂದರಲ್ಲಿ ಫೀಲ್ಡ್ ಬುಕ್ಕು. ಹಿಂದೆ ಹೆಂಡತಿ, ಅಕ್ಕ.

"ಮೂರು ಸಲ ಅಳೆದಿದೀರಿ ಭಾವ."

ಭಾವ ಪುಸ್ತಕ ನೋಡಿದರು, ಅಕ್ಕನನ್ನು ನೋಡಿದರು. "ಇದನ್ನ ಕೊಟ್ಯಾ ನೀನು?" ಎಂದು ಕುರ್ಚಿಯಲ್ಲಿ ಕುಸಿದರು. "ಹೌದಪ್ಪ, ಮೂರು ಸಲ. ಎರಡು ಸಲ ಸಾಕಿತ್ತು. ಮೂರನೇ ಸಲನಾದರೂ ಹೆಚ್ಚು ಬರ್ಲಿ ಅಂತ ಟೇಪು ಎಳೆದು ಹಿಡಿದೆ. ಬರ್ಲಿಲ್ಲ."

"ಮತ್ತೆ ಆ ಐವತ್ತೊಂಬತ್ತು? ಮೇಲೆ ಎರಡು ಮಿಲ್ಲಿ?"

"ಬರೀ ಐವತ್ತೊಂಬತ್ತು ಅಂದ್ರೆ ನೀನು ನಂಬ್ತಿರಲಿಲ್ಲ."

ಅರೆಮಿಲ್ಲಿಗೆ ಎದೆಗೆ ಚುಚ್ಚಿದ್ದು ಅದೇ. ಹತ್ತೊಂಬತ್ತು ಸೆಂಟಿಮೀಟರಿನ ಸುಳ್ಳನ್ನಾದರೂ ಅವನು ತಡೆದುಕೊಳ್ಳುತ್ತಿದ್ದನೇನೋ. ಆ ಎರಡು ಮಿಲ್ಲಿಯನ್ನು ಅವನಿಗೆಂದೇ ಅಳತೆ ತೆಗೆದು ಹೊಲಿಸಿದ್ದರು.

"ಯಾಕೆ ಭಾವ?"

"ಯಾಕೆ ಅಂದ್ರೆ? ಎರಡು ವಾರ ತಲೆ ತಿಂದೆಯಲ್ಲ, ಎಷ್ಟು ಮೊಂಡು, ಎಷ್ಟು ಮೊಂಡು ಅಂತ. ಮೊಂಡಾ ಅಲ್ವಾ ಅಂತ ಒಂದ್ಸಲ ಕೇಳಿದ್ರೆ ಹೇಳ್ತಿದ್ದೆ. ನಿಮ್ಮಪ್ಪ ಗಾಲಿ ಪಕ್ಕ ನೆಲದ ಮೇಲೆ ಕೂತು ನೋಡಿದೋರು. ಕೆಳಗಿಂದ ನೋಡಿದ್ರೆ ನನ್ನ ಮೂಗೂ ಉದ್ದನೇ. ಅದನ್ನ ನಿನಗೆ ಯಾವ ಬಾಯಲ್ಲಿ ಹೇಳ್ಲಿ? ಸುಳ್ಳು ಅಂದ್ರೆ ನಾಲ್ಕೇ ನಾಲ್ಕು ಮಿಲ್ಲಿ. ನಿನ್ನ ಸಂತೋಷ ಎಷ್ಟಿತ್ತು ಗೊತ್ತಾ? ಕೇಳು ನಿನ್ನ ಹೆಂಡತೀನ."

ಬಾಯಿ ತಪ್ಪಿ ಬಂದಿತ್ತು ಕೊನೆಯ ಮಾತು. ಅರೆಮಿಲ್ಲಿ ನಿಧಾನವಾಗಿ ಹಿಂದೆ ತಿರುಗಿದ.

"ನಿನಗೂ ಗೊತ್ತಿತ್ತಾ?"

ಹೆಂಡತಿ ಸೆರಗಿನ ಅಂಚು ತಿರುವಿದಳು. "ಕತ್ತರಿಸೋ ಮುಂಚೆ ಹೋಗಿ ನೋಡಿ ಅಂದೆನಲ್ರೀ."

ಮೋಸ ಮಾಡಿದವರು ಇಬ್ಬರಾದರು. ಸತ್ತ ಅಪ್ಪನನ್ನೂ ಸೇರಿಸಬೇಕೇ ಎಂದು ಅವನು ಆ ಜಗಲಿಯಲ್ಲಿ ಒಂದು ಗಳಿಗೆ ಯೋಚಿಸಿದ್ದು ಮುಖದಲ್ಲಿ ಕಾಣುತ್ತಿತ್ತು. ಫೀಲ್ಡ್ ಬುಕ್ಕನ್ನು ಕುರ್ಚಿಯ ಕೈ ಮೇಲೆ ಇಟ್ಟು, ವಿಮಾನವನ್ನು ಎದೆಗೆ ಆನಿಸಿಕೊಂಡು ನಡೆದ. ಅಕ್ಕ ಕೂಗಿದಳು, "ಊಟ ಮಾಡ್ಕೊಂಡು ಹೋಗೋ!" ಅವನು ತಿರುಗಿ ನೋಡಲಿಲ್ಲ.

ಮುಂದಿನ ಮೂರು ತಿಂಗಳು ಬೀದಿ ಇತಿಹಾಸ ಕಂಡಿತು. ಹೆಂಡತಿ ಗಂಟೆ ಹತ್ತಾಯಿತೆಂದರೆ ಅವನು ಎದ್ದು ಗಡಿಯಾರ ನೋಡಿ ಬರುತ್ತಿದ್ದ. ಉಪ್ಪು ಸರಿಯಾಗಿದೆ ಎಂದರೆ ತಾನೂ ರುಚಿ ನೋಡುತ್ತಿದ್ದ. ಅವಳು ಕೊನೆಗೆ, "ನಾನು ನಿಮ್ಮ ಹೆಂಡತಿ ಹೌದಾ ಅಂತನೂ ಒಂದ್ಸಲ ಅಳೆದುಬಿಡಿ" ಎಂದಳು. ಅವನು ನಗಲಿಲ್ಲ. ಭಾವನ ಫೋನು ಎತ್ತಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಏನು ಮಾಡುತ್ತಿದ್ದಾನೆಂದು ಯಾರಿಗೂ ತಿಳಿಯಲಿಲ್ಲ. ಉಪ್ಪುಕಾಗದದ ಸದ್ದು ಮಾತ್ರ ಕೇಳುತ್ತಿತ್ತು.

ಆದರೆ ವಿಧಿಗೆ ಹಲ್ಲಿದೆ. ಭಾವನ ಕೆಳಗಿನ ಸೆಟ್ಟು ಸಡಿಲವಾಗಿ, ಮಾತಿನ ನಡುವೆ ಟಕ್ ಎಂದು ತಾಳ ಹಾಕತೊಡಗಿತು. ಅದನ್ನು ಮಾಡಿಕೊಟ್ಟಿದ್ದವನು ಅರೆಮಿಲ್ಲಿ. ಬೇರೆಯವರು ಮುಟ್ಟಿದರೆ ಕೂರುವುದಿಲ್ಲ. ಅಕ್ಕ ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡು ಬಂದಳು. ಬೀದಿಯೆಲ್ಲ ಕಿಟಕಿಗೆ ಬಂತು. ಈ ಕೈಗೆ ಭಾವನ ದವಡೆ ಸಿಕ್ಕಿದೆ, ಇನ್ನು ನಾಲ್ಕು ಮಿಲ್ಲಿಯ ಸೇಡು ಎಲ್ಲಿ ತೀರೀತೋ ಎಂದು ಎಲ್ಲರ ಕುತೂಹಲ.

ಅರೆಮಿಲ್ಲಿ ಬಾಯಿಯ ಅಚ್ಚು ತೆಗೆದ. ಅಳೆದ. ಮತ್ತೆ ಅಳೆದ. ಮೂರನೆಯ ಸಲವೂ ಅಳೆದು ಬರೆದುಕೊಂಡ. ವಾರದ ನಂತರ ಭಾವ ಮನೆಗೆ ಬಂದಾಗ ಸೆಟ್ಟು ಕೊಟ್ಟ. ಭಾವ ಹಾಕಿಕೊಂಡು ಕಚ್ಚಿ ನೋಡಿದರು. ಕೂದಲೆಳೆಯೂ ಅಲುಗಲಿಲ್ಲ. ಅವರಿಗೆ ಅದೇ ಹೆಚ್ಚು ಅವಮಾನವಾದಂತೆ ಕಂಡಿತು.

ತಲೆ ಎತ್ತಿದಾಗ ಗೋಡೆಯ ಹಲಗೆಯ ಮೇಲೆ, ಅಪ್ಪನ ಫೋಟೋದ ಕೆಳಗೆ ವಿಮಾನ ನಿಂತಿತ್ತು. ಬಣ್ಣ ಬಳಿದು ಮುಗಿದಿತ್ತು. ಮೂವತ್ತು ವರ್ಷ ಅಳೆದ ಕಣ್ಣು ಒಂದೇ ನೋಟಕ್ಕೆ ಕಂಡುಹಿಡಿಯಿತು: ಮೂಗು ಮತ್ತೆ ಐವತ್ತು ಮಿಲ್ಲಿ.

"ಕತ್ತರಿಸಿ ಹಾಕಿಬಿಟ್ಯಾ? ಎರಡು ವರ್ಷದ ಕೆಲಸ ಕಣಯ್ಯ! ನಾನು ಸುಳ್ಳು ಹೇಳಿದೆ, ಒಪ್ಪಿದೆ. ಆದರೆ ನಿಮ್ಮಪ್ಪನ ಮಾತು? ಅವರ ಫೋಟೋದ ಕೆಳಗೇ, ಅವರ ಮಾತು ತಪ್ಪು ಅಂತ ತೋರಿಸೋ ಹಾಗೆ ಇಟ್ಟಿದೀಯಲ್ಲ. ಹೇಗಯ್ಯಾ ಮನಸ್ಸು ಬಂತು ನಿನಗೆ?"

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅರೆಮಿಲ್ಲಿ ಸ್ಕೇಲನ್ನು ಒರೆಸಿ ಜೇಬಿಗೆ ಹಾಕಿಕೊಂಡ.

"ಅಪ್ಪ ಗಾಲಿ ಹಾಕ್ತಿದ್ರು ಭಾವ. ಗಾಲಿ ಸರಿ ಇದೆ."