ಹುಳ ಕೊಲ್ಲಲು ಬಂದ ಡಾಕ್ಟರಮ್ಮ

ಡಾಕ್ಟರಮ್ಮನ ಉಗುರುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಬೆರಳ ಸಂದಿಯಲ್ಲಿ ಚರ್ಮ ಬಿರಿದು, ಅಂಗೈ ಸದಾ ನೀರಲ್ಲಿ ನೆನೆದಂತೆ ಸುಕ್ಕುಗಟ್ಟಿರುತ್ತಿತ್ತು. ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಯಲ್ಲಿ ಅಂಥ ಉಗುರು ಇದ್ದದ್ದು ರೇಷ್ಮೆಗೆ ಬಣ್ಣ ಹಾಕುವವರಿಗೆ ಮಾತ್ರ. ಆಮೇಲೆ ತಿಳಿಯಿತು, ಅದು ಕುಡಿಯುವ ನೀರಿಗೆ ಹಾಕುವ ನೇರಳೆ ಪುಡಿಯ ಕಲೆ ಅಂತ. ಮುಂದೆ ಕಾನ್ವೆಂಟಿನ ಕೆಮಿಸ್ಟ್ರಿ ಕ್ಲಾಸಿನಲ್ಲಿ ಆ ಪುಡಿಯ ಉದ್ದನೆಯ ಹೆಸರು ಬಾಯಿಪಾಠ ಮಾಡುವಾಗಲೂ ನನ್ನ ಕಣ್ಣ ಮುಂದೆ ಬಂದದ್ದು ಆ ಬೆರಳುಗಳೇ.

ಅವರು ಮಂಗಳೂರು ಕಡೆಯ ಕ್ರೈಸ್ತರು. ಚಳ್ಳಕೆರೆಯಲ್ಲಿ ಸಣ್ಣದೊಂದು ದವಾಖಾನೆ ಇಟ್ಟುಕೊಂಡು, ಎತ್ತಿನ ಗಾಡಿಯಲ್ಲಿ ಸುತ್ತಲಿನ ಊರಿಗೆಲ್ಲ ಹೋಗುತ್ತಿದ್ದರು. ಬಿಳಿ ಸೀರೆ, ಸೊಂಟದಲ್ಲಿ ಸಿಕ್ಕಿಸಿದ ಜಪಸರ, ಪುಸ್ತಕ ಓದಿದ ಹಾಗಿರುವ ಕನ್ನಡ. ರೋಗಿಯನ್ನು ಮುಟ್ಟುವ ಮೊದಲು ಸೋಪು ಹಚ್ಚಿ ಮೊಣಕೈವರೆಗೂ ತೊಳೆದು, ಆಮೇಲೆ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ಯಾವತ್ತೂ ಅದೇ ಆರ್ಡರ್. ಮುಗಿದು ತೊಳೆದದ್ದನ್ನು ನಾನು ಕಾಣೆ.

ನನಗಾಗ ಎಂಟೋ ಒಂಬತ್ತೋ ವರ್ಷ. ಊರಿಗೆ ವಾಂತಿಭೇದಿ ಬಂದಿತ್ತು. ನಮ್ಮ ಬೀದಿಯಲ್ಲಿ ಕಾಯಿಲೆ ಯಾವ ಮನೆ ಹೊಕ್ಕಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ, ಆ ಮನೆಯ ಮಗ್ಗದ ಸದ್ದು ನಿಲ್ಲುತ್ತಿತ್ತು. ನಾನು ಕಂಬಕ್ಕೆ ಆತು ಕೂತು ಕೇಳಿಸಿಕೊಳ್ಳುತ್ತಿದ್ದೆ. ಎದುರು ಮನೆಯದು ನಿಂತಿತು. ಅದರ ಪಕ್ಕದ್ದು ನಿಂತಿತು. ಒಂದು ಬೆಳಿಗ್ಗೆ ನಮ್ಮದೇ ನಿಂತಿತು.

ಅವ್ವನ ಕಣ್ಣು ಗುಳಿ ಬಿದ್ದಿತ್ತು, ದನಿ ಹೋಗಿತ್ತು. ನಮ್ಮ ಮನೆಮಾತು ತೆಲುಗು. "ನೀಳ್ಳು, ನೀಳ್ಳು" ಎಂದು ತುಟಿಯಲ್ಲೇ ನೀರು ಕೇಳುತ್ತಿದ್ದಳು. ಯಾರೂ ಕೊಡಲಿಲ್ಲ. "ಕುಡುದ್ರೆ ಇನ್ನೂ ಕಕ್ತಾಳೆ, ಕೊಡಬ್ಯಾಡ್ರಿ" ಅಂತ ನೆರೆಯವರ ಬುದ್ಧಿವಾದ. ಡಾಕ್ಟರಮ್ಮ ಹತ್ತಿರದ ಕೊಂಡ್ಲಹಳ್ಳಿಗೆ ಬಂದಿದ್ದಾರೆಂದು ಕೇಳಿ ಅಪ್ಪ ಓಡಿಹೋಗಿ ಕರೆತಂದ.

ಅವರು ಕೈ ತೊಳೆದರು, ಮುಗಿದರು, ಗಂಜಿಯ ತಿಳಿಗೆ ಉಪ್ಪು ಹಾಕಿಸಿ ಚಮಚ ಚಮಚವಾಗಿ ಕುಡಿಸತೊಡಗಿದರು. ಚಮಚವನ್ನು ಅಜ್ಜಿಯ ಕೈಗೆ ಕೊಟ್ಟು, "ವಾಂತಿಯಾದರೂ ನಿಲ್ಲಿಸಬೇಡಿ. ಮೂತ್ರವಾದರೆ ಜೀವ ಮರಳಿದ ಲಕ್ಷಣ, ಕೂಡಲೇ ನನಗೆ ಹೇಳಿ" ಎಂದರು. ಆಮೇಲೆ ಪುಡಿಯ ಸೀಸೆ ಹಿಡಿದು ಬೀದಿಯ ಬಾವಿಗೆ ನಡೆದರು. ನಾನು ಅಪ್ಪನ ಪಂಚೆ ಹಿಡಿದು ಹಿಂದೆಯೇ ಹೋದೆ.

"ಈ ಬಾವಿಯಲ್ಲಿ ಹುಳವಿದೆ. ಕಣ್ಣಿಗೆ ಕಾಣದ ಹುಳ. ಅದನ್ನು ನಾನು ಕೊಲ್ಲಬೇಕು" ಎಂದರು ಸೇರಿದ ಜನಕ್ಕೆ.

ಜರ್ಮ್ಸ್ ಎಂಬುದಕ್ಕೆ ಅವರಿಗೆ ಹೊಳೆದ ಸುಲಭದ ಮಾತು ಅದು. ನಮ್ಮ ಬೀದಿಯಲ್ಲಿ ಹುಳ ಅಂದರೆ ಒಂದೇ ಹುಳ, ನೂಲು ಕೊಟ್ಟು ನಮಗೆ ಅನ್ನ ಹಾಕುವ ರೇಷ್ಮೆ ಹುಳ.

ಬೀದಿಯ ಯಜಮಾನ ಬಾವಿಕಟ್ಟೆಗೆ ಅಡ್ಡ ನಿಂತ. "ಏನಂದ್ರಿ? ಹುಳಾನ ಕೊಲ್ತೀರಾ? ನಾವು ಉಣ್ಣೋದು ಯಾರಿಂದ ಅಂತ ಗೊತ್ತೈತಾ ನಿಮಗೆ?"

"ಆ ಯಮ್ಮನ ಉಗುರು ನೋಡ್ರಲೇ, ಎಷ್ಟು ಬಾವಿ ಕೆಡಿಸಿ ಬಂದೈತೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಯಜಮಾನ ಅಪ್ಪನ ಕಡೆ ತಿರುಗಿದ. "ಈಯಮ್ಮನ್ನ ಈಗ್ಲೇ ಗಾಡಿ ಹತ್ತಿಸಲೇ. ಇಲ್ಲಾಂದ್ರೆ ನಿಮ್ಮನೇಗೆ ಹೆಣ ಹೊರಾಕೂ ಯಾರೂ ಬರಲ್ಲ."

ಹೆಣ. ಒಳಗೆ ಮಲಗಿದ್ದ ಅವ್ವನಿಗೆ ಆ ಮಾತು ಆಗಲೇ ಅಂಟಿಕೊಂಡ ಹಾಗಾಯಿತು. ಇವರು ಹೋದರೆ ಅವ್ವ ಹೋಗುತ್ತಾಳೆ, ಅಷ್ಟು ನನಗೂ ಗೊತ್ತಿತ್ತು. ಅಪ್ಪ ಒಮ್ಮೆ ಗಾಡಿಯನ್ನು, ಒಮ್ಮೆ ನಮ್ಮ ಮನೆಯ ಬಾಗಿಲನ್ನು ನೋಡಿದ. ಡಾಕ್ಟರಮ್ಮನಿಗೆ ತಾನೇನು ತಪ್ಪು ಆಡಿದೆನೆಂದೇ ಅರ್ಥವಾಗಿರಲಿಲ್ಲ. ಕೈಯಲ್ಲಿದ್ದ ಸೀಸೆ ಜಪಸರದ ಮಣಿಗೆ ತಾಗಿ ಟಿಕ್ ಟಿಕ್ ಅನ್ನುತ್ತಿತ್ತು.

ಅಷ್ಟರಲ್ಲಿ ಅಜ್ಜಿ ಚಮಚ ಹಿಡಿದೇ ಹೊರಗೆ ಬಂದಳು. "ಯಾಕ್ರೋ ಒದರ್ತೀರಾ? ಒಳಗೆ ಸೊಸೆ ಸಾಯಾಕೆ ಬಿದ್ದೈತೆ!" ಸಂಗತಿ ಕೇಳಿ ಡಾಕ್ಟರಮ್ಮನ ಮುಂದೆ ನಿಂತಳು. "ತಾಯೀ, ಯಾವ ಹುಳ? ನೂಲು ಬಿಡೋ ಹುಳಾನಾ?"

ಡಾಕ್ಟರಮ್ಮನ ಮುಖದಲ್ಲಿ ಆಗ ಬೆಳಕು ಬಂತು. "ಅಯ್ಯೋ, ಅಲ್ಲ ಅಜ್ಜೀ. ಇದು ರೋಗದ್ದು." ತುಸು ಯೋಚಿಸಿ ಕೇಳಿದರು, "ಗೂಡಿನಿಂದ ನೂಲು ತೆಗೆಯುವುದು ಹೇಗೆ?"

"ಬೇಯಿಸ್ತೀವಿ. ನಮ್ಮ ತವರಾಗೆ ಅದೇ ಕೆಲಸ."

"ಒಳಗಿನ ಹುಳ?"

"ಸಾಯ್ತೈತೆ."

"ನೀರನ್ನೂ ಹಾಗೇ ಬೇಯಿಸಿ. ಈ ಪುಡಿ ಇವತ್ತು ಬೇಡ."

ಅಜ್ಜಿ ಯಜಮಾನನತ್ತ ತಿರುಗಿದಳು. "ಕೇಳ್ದೇನೋ? ಹುಳದ ಮ್ಯಾಲೆ ಅಷ್ಟು ದಯ ಇದ್ರೆ ಮೊದ್ಲು ನಿನ್ನ ಮಗ್ಗ ಕಿತ್ತು ಹಾಕು. ಸಾಯ್ದಲೇ ಬಂತೇನೋ ನಿನ್ನ ರೇಷ್ಮೆ?"

ಯಾರೋ ಕಿಸಕ್ಕೆಂದರು. ಯಜಮಾನ ಕೆಮ್ಮಿ, "ಬೇಯಿಸೋದಾದ್ರೆ ಬೇಯಿಸ್ಕೊಳ್ರಿ, ಅದುಕ್ಕೆ ಯಾರು ಬ್ಯಾಡ ಅಂದ್ರು?" ಎಂದು ಕಟ್ಟೆ ಇಳಿದ. ಸಂಜೆಯೊಳಗೆ ಬೀದಿಯ ಒಲೆಗಳ ಮೇಲೆಲ್ಲ ನೀರಿನ ಮಡಕೆ ಕೂತಿತ್ತು.

ಅವ್ವನಿಗೆ ಮಾತ್ರ ಇನ್ನೂ ಮೂತ್ರವಾಗಿರಲಿಲ್ಲ. ಡಾಕ್ಟರಮ್ಮ ಜಗುಲಿಯಲ್ಲಿ ಕೂತು ಮಣಿ ಎಣಿಸುತ್ತಿದ್ದರು. "ಬಾವಿ ಹತ್ರ ನಿಮಗೆ ಭಯ ಆಗಲಿಲ್ವಾ?" ಅಂದೆ.

"ಆಯಿತು ಮಗೂ, ಈಗಲೂ ಆಗುತ್ತಿದೆ. ನಿನ್ನ ಅವ್ವ ಉಳಿಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಭಯವಾದಾಗ ಮೊದಲು ಕೈ ತೊಳೆಯುತ್ತೇನೆ, ಆಮೇಲೆ ಮುಗಿಯುತ್ತೇನೆ. ಮಾಡಬೇಕಾದ್ದನ್ನು ಮಾಡದೆ ದೇವರ ಮುಂದೆ ನಿಲ್ಲಲು ನನಗೆ ನಾಚಿಕೆ."

ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಓಡಿಬಂದು, "ಉಚ್ಚೆ ಹೊಯ್ದ್ಲು ತಾಯೀ!" ಎಂದಳು. ಡಾಕ್ಟರಮ್ಮ ಶಿಲುಬೆಯ ಗುರುತು ಹಾಕಿಕೊಂಡು ಗಟ್ಟಿಯಾಗಿ ನಕ್ಕರು. ಅಂಥ ಸುದ್ದಿಗೆ ದೇವರಿಗೆ ಥ್ಯಾಂಕ್ಸ್ ಹೇಳಿದವರನ್ನು ನಾನು ಮತ್ತೆ ಕಂಡಿಲ್ಲ.

ಅವ್ವ ಉಳಿದಳು. ಉಳಿಸಿದ್ದು ದೇವರೋ ಗಂಜಿಯೋ ಎಂದು ಅಪ್ಪ ಕೇಳಿದ್ದಕ್ಕೆ ಅವರು ಹೇಳಿದ್ದಿಷ್ಟು: "ಗಂಜಿ ಕೊಡದೆ ಪ್ರಾರ್ಥಿಸಿದವರ ಮನೆಯಲ್ಲಿ ಸಾವು ಕಂಡಿದ್ದೇನೆ. ಗಂಜಿ ಕೊಟ್ಟು ಪ್ರಾರ್ಥಿಸಿದಲ್ಲೂ ಕಂಡಿದ್ದೇನೆ. ಆದರೂ ಕೊಡುತ್ತೇನೆ, ಆದರೂ ಕೇಳುತ್ತೇನೆ."

ಅಪ್ಪನನ್ನು ಒಪ್ಪಿಸಿ ನನ್ನನ್ನು ಕಾನ್ವೆಂಟಿಗೆ ಸೇರಿಸಿದವರೂ ಅವರೇ. ಕೆಲವು ವರ್ಷಗಳ ಮೇಲೆ ಕೆಮ್ಮಿನ ದೊಡ್ಡ ಜ್ವರ ಬಂದು ಊರೂರೇ ಮಲಗಿತು. ಶಾಲೆ ಮುಚ್ಚಿ ನಮ್ಮನ್ನು ಮನೆಗೆ ಕಳಿಸಿದರು. ಅವ್ವ ಆಗಲೇ ಚಳ್ಳಕೆರೆಗೆ ಹೋಗಿ ಜ್ವರ ಹಿಡಿದು ಮಲಗಿದ್ದ ಡಾಕ್ಟರಮ್ಮನಿಗೆ ಗಂಜಿ ಕುಡಿಸುತ್ತ ಕೂತಿದ್ದಳು. ನಾನೂ ಹೋದೆ. ದವಾಖಾನೆಯ ಹೊಸ್ತಿಲು ದಾಟದೆ ನಿಂತೆ. ಅವರ ಉಸಿರಿನ ಸದ್ದು ಹೊರಗೂ ಕೇಳುತ್ತಿತ್ತು. ಆ ಜ್ವರ ನನಗೂ ಬಂದರೆ ಎಂಬ ಒಂದೇ ಯೋಚನೆ ನನ್ನದು.

ಅವರು ನನ್ನನ್ನು ಕಂಡರು. ಎದೆಯ ಮೇಲೆ ಎರಡು ಅಂಗೈ ಕೂಡಿಸಿದರು. ಪ್ರಾರ್ಥಿಸುತ್ತಿದ್ದಾರೆ ಅಂದುಕೊಂಡೆ. ಅಲ್ಲ, ಅಂಗೈಗೆ ಅಂಗೈ ಉಜ್ಜುತ್ತಿದ್ದರು. ಬಾಗಿಲ ಬಳಿ ಬೋಗುಣಿಯಲ್ಲಿ ನೀರಿತ್ತು, ಸೋಪಿತ್ತು. ಮೊಣಕೈವರೆಗೂ ತೊಳೆದೆ, ಒಳಗೆ ಹೋದೆ, ಅವ್ವನ ಕೈಯಿಂದ ಚಮಚ ತೆಗೆದುಕೊಂಡೆ. ಮಾರನೆಯ ಬೆಳಿಗ್ಗೆ ಅವರು ಹೋದರು.

ಈಗ ನನಗೆ ಅವರಿಗಿಂತ ಎಷ್ಟೋ ಹೆಚ್ಚು ವಯಸ್ಸು. ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಇವತ್ತಿಗೂ ನನಗೆ ಭಯವೇ, ಅದು ಹೋಗಲೇ ಇಲ್ಲ. ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತೇನೆ. ನನ್ನ ಪ್ರೇಯರ್ ಶುರುವಾಗುವುದು ಆ ನೀರಿನ ಸದ್ದಿನಿಂದಲೇ.