ಹಿಂದಿನ ಸೀಟಿನ ಬಲಮಗ್ಗುಲು

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಕಾಕಾ ಹುಬ್ಬಳ್ಳಿಯ ಅರಳೆ ವ್ಯಾಪಾರಿಯೊಬ್ಬರಿಂದ ಹಳೆಯ ಕಾರೊಂದನ್ನು ಕೊಂಡರು. ಹಂಸಭಾವಿಯಿಂದ ಹಿರೇಕೆರೂರಿಗೆ ಹೋಗುವ ಬಸ್ಸಿನಲ್ಲಿ ಅವರ ಜರದ ರುಮಾಲಿನ ಪಕ್ಕ ಯಾರೋ ಕೋಳಿ ಹಿಡಿದುಕೊಂಡು ಕೂತಿದ್ದರು. ಕಾರು ಕೊಳ್ಳಲು ಅಷ್ಟೇ ಕಾರಣ. ಹಿಂದಿನ ಸೀಟಿನ ಎಡತುದಿಯಲ್ಲಿ ಒಬ್ಬರೇ ಕೂಡಬೇಕೆಂಬುದು ಅವರ ಆಸೆ. ಬಲಮಗ್ಗುಲಲ್ಲಿ ಬೆಳ್ಳಿ ಹಿಡಿಕೆಯ ಕೋಲು ಮಲಗಿರುತ್ತಿತ್ತು.

ಕಾರು ಮನಸ್ಸಿದ್ದಾಗ ಚಾಲೂ ಆಗುತ್ತಿತ್ತು. ಇಲ್ಲದಾಗ ಒಮ್ಮೆ ‘ಕಟ್’ ಎಂದು ಸುಮ್ಮನಾಗುತ್ತಿತ್ತು.

ನಾನು ಮ್ಯಾಟ್ರಿಕ್ ಮುಗಿಸಿ, ನೌಕರಿಯ ಕಾಗದಕ್ಕೆ ಕಾಯುತ್ತ ಕಾಕಾನ ಮನೆಯಲ್ಲಿದ್ದೆ. ದಿನಚರಿ ಬರೆಯುವ ಚಟವಿತ್ತು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ವಾರ, ವೇಳೆ, ಬಿಸಿಲೋ ಮೋಡವೋ, ಪೆಟ್ರೋಲ್ ಎಷ್ಟು, ಯಾರು ಎಲ್ಲಿ ಕೂತಿದ್ದರು ಎಂದು ಮನೆಗಳನ್ನು ಮಾಡಿದೆ. ಮೊದಲ ತಿಂಗಳು ಇಪ್ಪತ್ತನಾಲ್ಕು ಪ್ರಯತ್ನ. ಒಂಬತ್ತು ಸಲ ಚಾಲೂ, ಹದಿನೈದು ಸಲ ‘ಕಟ್’. ಪ್ಲಗ್ಗು ತಿಕ್ಕಿದೆವು, ಪೆಟ್ರೋಲು ಸೋಸಿದೆವು. ಹ್ಯಾಂಡಲ್ ತಿರುವಿ ತಿರುವಿ ಸವಣೂರಿನ ಡ್ರೈವರ್ ಚಾಚಾನ ರಟ್ಟೆ ಸೋತವು. ‘ಕಟ್’ ಎಂದ ದಿನ ನಾಲ್ಕು ಮಂದಿ ದಬ್ಬಿ, ಕಲ್ಲುರಸ್ತೆಯಲ್ಲಿ ಗಡಗಡ ಕುಲುಕಿದರೆ ಮಾತ್ರ ಎಂಜಿನ್ನು ಏಳುತ್ತಿತ್ತು. ಯಾವ ಮಂದಿಯಿಂದ ತಪ್ಪಿಸಿಕೊಳ್ಳಲು ಕಾರು ಕೊಂಡಿದ್ದರೋ ಅದೇ ಮಂದಿ ದಬ್ಬುತ್ತಿದ್ದರು. ಕಾಕಾ ಕೆಳಗಿಳಿಯುತ್ತಿರಲಿಲ್ಲ.

ಮುಂದಿನ ತಿಂಗಳು ಚಿಕ್ಕೇರೂರಿನಲ್ಲಿ ಮದುವೆ. ಹೆಂಡತಿಯನ್ನು, ಅಂದರೆ ನಮ್ಮ ಚಿಗವ್ವನನ್ನು, ಕರೆದೊಯ್ಯದೆ ವಿಧಿಯಿರಲಿಲ್ಲ. ಕಾಕಾ ಜೋಳದ ದಂಟಿನಂತಿದ್ದರೆ ಚಿಗವ್ವ ತುಂಬಿದ ಕಣಜ. ಕೋಲನ್ನು ಎತ್ತಿ ಗಂಡನ ತೊಡೆಯ ಮೇಲಿಟ್ಟು ಬಲಮಗ್ಗುಲಿಗೆ ಕೂತಳು. ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಬರುವಾಗಲೂ ಹಾಗೆಯೇ. ಕಾಕಾ ಎರಡು ದಿನ ಯೋಚಿಸಿ ತೀರ್ಪು ಕೊಟ್ಟರು.

“ನಿನ್ನ ಕಾಲ್ಗುಣ ಛಲೋ ಐತಿ. ಇನ್ನ ದಿನಾ ಬಾ.”

ಇಪ್ಪತ್ತು ವರ್ಷದ ಸಂಸಾರದಲ್ಲಿ ಕಾಣದಿದ್ದ ಆಕೆಯ ಗುಣವನ್ನು ಕಾರು ಮೂರು ಮೈಲಿಯಲ್ಲಿ ಕಾಣಿಸಿತ್ತು. ಚಿಗವ್ವ ಹಿರೇಕೆರೂರಿನ ಕಚೇರಿ ನೋಡಿದಳು, ಸವಣೂರಿನ ಎಲೆಬಳ್ಳಿಯ ತೋಟ ನೋಡಿದಳು. ಹನ್ನೊಂದು ಸಲ ಕೂತಳು, ಹನ್ನೊಂದು ಸಲವೂ ಚಾಲೂ. ಹಿರೇಕೆರೂರಿನ ಬೀಡಿ ಅಂಗಡಿಯವನು ಕೇಳಿಯೇಬಿಟ್ಟ: “ಸಾವ್ಕಾರ್ರ, ನಿಮ್ಮ ಗಾಡೀದು ಎಂಜಿನ್ನು ಹಿಂದಿನ ಸೀಟಿನ್ಯಾಗ ಐತೇನ್ರಿ?” ಕಾಕಾ ರುಮಾಲು ಸರಿಮಾಡಿಕೊಂಡರು. ಚಿಗವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಆಕೆಯ ತವರು ಹಾನಗಲ್ಲು, ಅಲ್ಲಿ ಅಣ್ಣ ಅತ್ತಿಗೆ ಇದ್ದರು. ಪ್ರತಿ ಪಂಚಮಿಗೆ ಉಂಡೆಯ ಗಂಟು ಹೊತ್ತು ಬಸ್ಸಿನಲ್ಲಿ ನಿಂತುಕೊಂಡೇ ಹೋಗುತ್ತಿದ್ದಳು. “ಈ ಸಲ ಕಾರಿನ್ಯಾಗ ಹೋಗಿ ಇಳೀತೇನಿ. ನಮ್ಮ ವೈನಿ ಬಾಗಲಾಗ ನಿಂತು ನೋಡ್ಲಿ” ಎಂದು ನನ್ನೆದುರು ಮೂರು ಸಲ ಹೇಳಿದ್ದಳು.

ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಕಾಲ್ಗುಣಕ್ಕೆ ಮನೆ ಇರಲಿಲ್ಲ. ಹಳೆಯ ಪುಟ ತಿರುವಿದೆ. ಮೊದಲ ತಿಂಗಳ ಒಂಬತ್ತರಲ್ಲಿ ಎಂಟು ಸಲ ಬಲಮಗ್ಗುಲಲ್ಲಿ ಯಾರೋ ನೆಂಟರಿದ್ದರು, ಇಲ್ಲವೆ ಜೋಳದ ಚೀಲವಿತ್ತು. ಒಂಬತ್ತನೆಯದು ಯಾಕೆ ಚಾಲೂ ಆಯಿತೋ ಇಂದಿಗೂ ಗೊತ್ತಿಲ್ಲ. ಚಾಚಾನನ್ನು ಕರೆದು ಸೀಟು ಎತ್ತಿಸಿದೆ. ಬಲಗಡೆ ಬ್ಯಾಟರಿ. ಅದರ ವಾಯರಿನ ಹಿಡಿಕೆ ಸಡಿಲಾಗಿ, ಸುತ್ತ ಹಸಿರು ಕಿಲುಬು ಕಟ್ಟಿತ್ತು. ಮೇಲೆ ಭಾರ ಬಿದ್ದಾಗ ಮಾತ್ರ ಸೀಟು ಅದನ್ನು ಒತ್ತಿ ಹಿಡಿಯುತ್ತಿತ್ತು.

ಚಾಚಾ ಪಾನಾ ತಂದು ಹಿಡಿಕೆಯ ನಟ್ಟು ಬಿಗಿ ಮಾಡಿ, ಆ ಕಡೆ ಈ ಕಡೆ ನೋಡಿದ. “ಸಾವ್ಕಾರ್ರ ಮುಂದ ಬಾಯಿ ಬಿಡಬ್ಯಾಡ ತಮ್ಮಾ. ಎರಡ ತಿಂಗಳ ಇದು ಕಾಣಲಿಲ್ಲೇನು ಅಂತ ನನ್ನ ಮನೀಗೆ ಕಳಸ್ತಾರ.”

ನಾನು ಬಾಯಿ ಬಿಡಲಿಲ್ಲ. ಮುಂದಿನ ಐದು ದಿನ ಕಾಕಾ ಒಬ್ಬರೇ ಕೂತರು. ಐದಕ್ಕೆ ಐದು. ಕಾರು ಕೊನೆಗೂ ಯಜಮಾನನನ್ನು ಗುರುತಿಸಿತೆಂದು ಊರಿಗೆಲ್ಲ ಹೇಳಿದರು. ಊಟಕ್ಕೆ ಕೂತಾಗ ಹೆಂಡತಿಗೂ ಹೇಳಿದರು.

“ಪಂಚಮಿಗೆ ನೀ ಬಸ್ಸಿಗೆ ಹೋಗು. ನನಗ ಶಿಗ್ಗಾಂವ್ಯಾಗ ಕೆಲಸೈತಿ.”

“ಮತ್ತ ನನ್ನ ಕಾಲ್ಗುಣರಿ?”

“ಗಾಡಿಗೆ ಈಗ ನನ್ನ ರೂಢಿ ಆಗೇತಿ.”

ಚಿಗವ್ವ ರೊಟ್ಟಿ ಹಾಕಿ ಒಳಗೆ ಹೋದಳು. ಸಂಜೆ ಆಕೆ ಶೇಂಗಾ ಉಂಡೆ ಕಟ್ಟುತ್ತಿದ್ದಾಗ ಎದುರು ಕೂತು ಬ್ಯಾಟರಿ, ಹಿಡಿಕೆ, ಕಿಲುಬು ಎಲ್ಲವನ್ನೂ ಒಪ್ಪಿಸಿದೆ. ಉಂಡೆ ಕಟ್ಟುತ್ತಲೇ ಎಲ್ಲ ಕೇಳಿಸಿಕೊಂಡು ಹೇಳಿದಳು.

“ಲೆಕ್ಕ ಭಾಳ ಛಲೋ ಇಟ್ಟೀಯಪ್ಪಾ. ನನ್ನ ಬಸ್ಸಿನ್ಯಾಗ ನಿಂದರಿಸಿದಿ.” ಇನ್ನೊಂದು ಉಂಡೆ ಕಟ್ಟಿಟ್ಟು ಕೇಳಿದಳು, “ಆ ಪಾನಾ ಎಲ್ಲಿ ಇಡ್ತಾನ, ಚಾಚಾ?”

ಪಂಚಮಿ ಬೆಳಿಗ್ಗೆ ಕಾಕಾ ರುಮಾಲು ಸುತ್ತಿ, ಕೋಲು ಮಲಗಿಸಿ ಕೂತರು. ‘ಕಟ್’. ಚಾಚಾ ನನ್ನನ್ನು ನೋಡಿದ, ನಾನು ನೋಟ್‌ಬುಕ್ ನೋಡಿದೆ. ಮತ್ತೆ ‘ಕಟ್’. ದಬ್ಬುವ ಮಂದಿ ಹಬ್ಬದ ದಿನ ಯಾರೂ ಸಿಗುವಂತಿರಲಿಲ್ಲ. ಮೂರನೆಯ ‘ಕಟ್’ಗೆ ಚಿಗವ್ವ ಇಲಕಲ್ ಸೀರೆಯುಟ್ಟು, ಉಂಡೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು.

“ಕೋಲು ತಗೀರಿ” ಎಂದಳು.

ಕಾಕಾ ತೆಗೆದರು. ಆಕೆ ಕೂತಳು. ಕಾರು ಚಾಲೂ ಆಯಿತು.

“ಮೊದಲ ಹಾನಗಲ್ಲಿಗೆ ನಡಿ” ಎಂದರು ಕಾಕಾ, ಕಿಟಕಿಯ ಹೊರಗೆ ನೋಡುತ್ತ.

ದಾರಿಯಲ್ಲಿ ಚಿಗವ್ವ ಹಿಂದಿನಿಂದ ಕೈ ಚಾಚಿ, ಮುಂದೆ ಚಾಚಾನ ಪಕ್ಕ ಕೂತಿದ್ದ ನನಗೊಂದು ಉಂಡೆ ಕೊಟ್ಟಳು. ಆಕೆಯ ಹೆಬ್ಬೆರಳಿನ ಉಗುರಿನಲ್ಲಿ ಹಸಿರು ಕಿಲುಬಿತ್ತು. ನಾನು ನೋಟ್‌ಬುಕ್ ತೆರೆದು ಹೊಸದೊಂದು ಗೆರೆ ಎಳೆದೆ, ಮೇಲೆ ‘ಕಾಲ್ಗುಣ’ ಎಂದು ಬರೆದೆ, ಕೆಳಗೆ ಒಂದು ಎಂದು ಗುರುತು ಹಾಕಿದೆ.